ಎಂಟು, ಒಂಬತ್ತು, ಆರು, ನಾಲ್ಕು: ತಿಯಾನನ್ಮೆನ್‌ನಲ್ಲಿ ಸತ್ತವರಿಗಾಗಿ ಅಳುವುದು ಅಪರಾಧವಾದದ್ದು ಹೇಗೆ?

ಬೀಜಿಂಗ್ ನಗರದ ಪಶ್ಚಿಮಕ್ಕೆ ಬಾಬಾವೊಶಾನ್ ಎಂಬ ಸ್ಮಶಾನವಿದೆ. ಅಲ್ಲಿ ಒಂದು ಸಮಾಧಿಕಲ್ಲಿನ ಹಿಂಬದಿಯಲ್ಲಿ ಹೂಗಳ ಲೆಕ್ಕ ಕೆತ್ತಿದ್ದಾರೆ. ಎಂಟು ಕ್ಯಾಲಾ ಲಿಲ್ಲಿ, ಒಂಬತ್ತು ಹಳದಿ ಸೇವಂತಿಗೆ, ಆರು ಬಿಳಿ ಟ್ಯುಲಿಪ್, ನಾಲ್ಕು ಕೆಂಪು ಗುಲಾಬಿ. ಸುಮ್ನೆ ಓದಿದರೆ ಒಂದು ಹೂವಿನ ಪದ್ಯ. ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ: 8, 9, 6, 4. 1989ನೇ ಇಸವಿ, ಆರನೇ ತಿಂಗಳು, ನಾಲ್ಕನೇ ತಾರೀಕು. ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಚಳವಳಿಯನ್ನು ಸೈನ್ಯ ಗುಂಡು ಹಾರಿಸಿ ಅಡಗಿಸಿದ ದಿನ.

ಅದನ್ನು ಕೆತ್ತಿಸಿದ್ದು ಶು ಜುಯೆ ಎಂಬ ಹೆಂಗಸು. ಕಲ್ಲು ಅವರ ಗಂಡನದು. ಮಗ ಆ ದಿನಗಳಲ್ಲಿ ಸೈನಿಕರ ಗುಂಡಿಗೆ ಬಲಿಯಾದ. ಕೆಲವು ವರ್ಷಗಳಲ್ಲಿ ಗಂಡನೂ ಹೋದರು. ಮಗ ಹೇಗೆ ಸತ್ತ ಅಂತ ಬಾಯಿಬಿಟ್ಟು ಬರೆಯುವ ಹಾಗಿರಲಿಲ್ಲ. ಅದಕ್ಕೇ ಆಕೆ ಹೂ ಎಣಿಸಿದರು. 2017ರಲ್ಲಿ ಶು ಜುಯೆ ಕೂಡ ತೀರಿಕೊಂಡರು.

ತಿಯಾನನ್ಮೆನ್ ಅಂದ ತಕ್ಷಣ ನಮಗೆ ನೆನಪಾಗುವುದು ಟ್ಯಾಂಕ್‌ಗಳ ಸಾಲಿಗೆ ಅಡ್ಡ ನಿಂತ ಬಿಳಿ ಅಂಗಿಯ ಮನುಷ್ಯ. ಅವನ ಕೈಯಲ್ಲಿ ಕೈಚೀಲ. ಆ ಚಿತ್ರ ತೆಗೆದದ್ದು ಜೂನ್ 5ರಂದು, ಅಂದರೆ ಕೊಲೆಗಳ ಮಾರನೇ ದಿನ. ಅವನು ಯಾರು ಅನ್ನುವುದು ಇವತ್ತಿಗೂ ಜಗತ್ತಿಗೆ ತಿಳಿದಿಲ್ಲ. ಆದರೆ ಸತ್ತವರಲ್ಲಿ ಬಹಳ ಜನರ ಹೆಸರು ನಮಗೆ ಗೊತ್ತಿದೆ. ಆ ಹೆಸರುಗಳನ್ನು ಕೂಡಿಸಿಟ್ಟವರು ಅವರ ಅಪ್ಪ ಅಮ್ಮಂದಿರು. ನಾನು ಹೇಳಬೇಕು ಅಂದುಕೊಂಡಿರುವುದು ಅವರ ಕಥೆ. ಜೊತೆಗೆ ಒಂದು ಪ್ರಶ್ನೆಯೂ ಇದೆ. ಅಷ್ಟು ದೊಡ್ಡ ಸೈನ್ಯವಿರುವ ಸರ್ಕಾರಕ್ಕೆ ಒಂದು ಮೇಣದಬತ್ತಿ ಕಂಡರೆ ಯಾಕೆ ಅಷ್ಟು ಭಯ?

ಇದಕ್ಕೆ ಉತ್ತರ 1989ಕ್ಕಿಂತ ಹಿಂದೆ ಇದೆ.

ಚೀನಾದಲ್ಲಿ ಪ್ರತಿ ವರ್ಷ ಏಪ್ರಿಲ್ 4 ಅಥವಾ 5ಕ್ಕೆ ಚಿಂಗ್‌ಮಿಂಗ್ ಹಬ್ಬ ಬರುತ್ತದೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಸುಮಾರು ಅದೇ ಭಾವ. ಮನೆಯವರೆಲ್ಲ ಸೇರಿ ಸಮಾಧಿ ಗುಡಿಸುತ್ತಾರೆ, ಹೂವು ಇಡುತ್ತಾರೆ, ಕಾಗದ ಸುಡುತ್ತಾರೆ. 1976ರ ಜನವರಿಯಲ್ಲಿ ಪ್ರಧಾನಿ ಚೌ ಎನ್‌ಲಾಯ್ ತೀರಿಕೊಂಡರು. ಆ ವರ್ಷದ ಚಿಂಗ್‌ಮಿಂಗ್‌ಗೆ ಬೀಜಿಂಗ್‌ನ ಜನ ಸಾವಿರ ಸಾವಿರವಾಗಿ ತಿಯಾನನ್ಮೆನ್ ಚೌಕಕ್ಕೆ ಬಂದರು. ಅಲ್ಲಿನ ಹುತಾತ್ಮರ ಸ್ಮಾರಕಕ್ಕೆ ಹೂಮಾಲೆ ಹಾಕಿದರು, ಪದ್ಯ ಬರೆದು ಅಂಟಿಸಿದರು. ಆ ಪದ್ಯಗಳಲ್ಲಿ ದುಃಖದ ಜೊತೆಗೆ ಆಳುವವರ ಮೇಲಿನ ಸಿಟ್ಟೂ ಇತ್ತು. ರಾತ್ರೋರಾತ್ರಿ ಮಾಲೆಗಳನ್ನೆಲ್ಲ ಎತ್ತಿಸಿದರು. ಮಾರನೇ ದಿನ ಜನ ರೊಚ್ಚಿಗೆದ್ದರು. ಸರ್ಕಾರ ಅದಕ್ಕೆ 'ಪ್ರತಿಕ್ರಾಂತಿ' ಅಂತ ಹೆಸರಿಟ್ಟಿತು. ಅದರ ಹೊಣೆ ಹೊರಿಸಿ ಉಪಪ್ರಧಾನಿ ಡೆಂಗ್ ಶಿಯಾವೊಪಿಂಗ್ ಅವರನ್ನು ಹುದ್ದೆಯಿಂದ ಇಳಿಸಿದರು.

ಎರಡೇ ವರ್ಷದಲ್ಲಿ ಎಲ್ಲ ತಿರುವುಮುರುವಾಯಿತು. 1978ರಲ್ಲಿ ಅದೇ ಆಳುವ ಕಮ್ಯುನಿಸ್ಟ್ ಪಕ್ಷ ತನ್ನ ಮಾತು ವಾಪಸ್ ತೆಗೆದುಕೊಂಡು, ಜನ ಮಾಡಿದ್ದು ಸರಿ ಅಂದಿತು. ಡೆಂಗ್ ಅಧಿಕಾರದ ತುದಿಗೆ ಏರಿದರು. ಹೀಗೆ ಹಳೇ ತೀರ್ಪನ್ನು ತಿರುಗಿಸುವುದಕ್ಕೆ ಚೀನೀ ಭಾಷೆಯಲ್ಲಿ ಒಂದು ಮಾತಿದೆ, 'ಪಿಂಗ್‌ಫಾನ್'. ಈ ಪದ ನೆನಪಿರಲಿ. 1989ರ ನಂತರ ಎಷ್ಟೋ ಮಂದಿ ಈ ಒಂದು ಪದದ ಮೇಲೆ ಆಸೆ ಇಟ್ಟುಕೊಂಡು ಬದುಕಿದರು.

ಶೋಕ ಹೇಗೆ ಚಳವಳಿಯಾಗುತ್ತದೆ ಅನ್ನುವುದು ಡೆಂಗ್ ಅವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅವರ ಸ್ವಂತ ಬದುಕಿನಲ್ಲೇ ಆದದ್ದು ಅಲ್ವಾ?

1989ರಲ್ಲೂ ಆರಂಭವಾದದ್ದು ಒಂದು ಸಾವಿನಿಂದಲೇ. ಪಕ್ಷದಲ್ಲಿ ಸುಧಾರಣೆಯ ಕಡೆ ನಿಂತಿದ್ದ ಹು ಯಾವೊಬಾಂಗ್ ಏಪ್ರಿಲ್ 15ರಂದು ತೀರಿಕೊಂಡರು. 1987ರಲ್ಲಿ, ವಿದ್ಯಾರ್ಥಿಗಳ ಬಗ್ಗೆ ಮೆದುವಾಗಿದ್ದರು ಅಂತ ಅವರನ್ನು ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ಕೆಳಗಿಳಿಸಿದ್ದರು. ವಿದ್ಯಾರ್ಥಿಗಳು ಹೂಮಾಲೆ ಹಿಡಿದು ಚೌಕಕ್ಕೆ ಬಂದರು. ಏಪ್ರಿಲ್ 22ರಂದು, ಶವಸಂಸ್ಕಾರದ ದಿನ, ಮೂವರು ವಿದ್ಯಾರ್ಥಿಗಳು ಜನತಾ ಮಹಾಸಭಾಂಗಣದ ಮೆಟ್ಟಿಲ ಮೇಲೆ ಮೊಣಕಾಲೂರಿ ಕೂತರು. ಮನವಿ ಪತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಹಿಂದಿನ ಕಾಲದಲ್ಲಿ ಪ್ರಜೆಗಳು ದೊರೆಯ ಮುಂದೆ ದೂರು ಇಡುತ್ತಿದ್ದ ಹಾಗೆ. ಅದನ್ನು ತೆಗೆದುಕೊಳ್ಳಲು ಒಬ್ಬ ನಾಯಕನೂ ಹೊರಗೆ ಬರಲಿಲ್ಲ.

ಮುಂದಿನದ್ದು ಬೇಗ ಬೇಗ ನಡೆಯಿತು. ಏಪ್ರಿಲ್ 26ರಂದು ಪಕ್ಷದ ಪತ್ರಿಕೆಯ ಸಂಪಾದಕೀಯ ಈ ಚಳವಳಿಯನ್ನು 'ಗಲಭೆ' ಅಂದಿತು. ಮಕ್ಕಳಿಗೆ ಅದು ಬಹಳ ನೋವು ತಂದಿತು. ಅವರು ಕೇಳುತ್ತಿದ್ದದ್ದು ಪತ್ರಿಕಾ ಸ್ವಾತಂತ್ರ್ಯ, ಭ್ರಷ್ಟಾಚಾರಕ್ಕೆ ತಡೆ, ಸರ್ಕಾರದ ಜೊತೆ ಮಾತುಕತೆ. ಹಿಂದಿನ ವರ್ಷ ಬೆಲೆಗಳು ಸಿಕ್ಕಾಪಟ್ಟೆ ಏರಿದ್ದವು, ಹಾಗಾಗಿ ಕಾರ್ಮಿಕರೂ ಊರ ಜನರೂ ಜೊತೆಗೂಡಿದರು. ಮೇ 13ಕ್ಕೆ ಉಪವಾಸ ಶುರುವಾಯಿತು. ಮೇ 19ರ ಬೆಳಗಿನ ಜಾವ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಜಿಯಾಂಗ್ ಧ್ವನಿವರ್ಧಕ ಹಿಡಿದು ಚೌಕಕ್ಕೆ ಬಂದು, ನಾವು ತುಂಬಾ ತಡವಾಗಿ ಬಂದೆವು ಅಂತ ವಿದ್ಯಾರ್ಥಿಗಳ ಕ್ಷಮೆ ಕೇಳಿದರು. ಆಮೇಲೆ ಅವರು ಹೊರಗೆ ಕಾಣಿಸಲಿಲ್ಲ. ಸಾಯುವವರೆಗೂ ಗೃಹಬಂಧನ. ಮೇ 20ಕ್ಕೆ ಸೇನಾಡಳಿತ ಹೇರಿದರು. ಜನ ರಸ್ತೆಗಿಳಿದು ಸೈನ್ಯದ ಲಾರಿಗಳನ್ನು ತಡೆದರು. ಮೊದಲ ಸಲ ಸೈನ್ಯ ಹಿಂದೆ ಸರಿಯಿತು. ಸೇನಾಪತಿ ಶು ಚಿನ್‌ಶಿಯಾನ್ ತನ್ನ ಪಡೆಯನ್ನು ಜನರ ಮೇಲೆ ನಡೆಸಲು ಒಪ್ಪಲಿಲ್ಲ. ಅವರಿಗೆ ಐದು ವರ್ಷ ಜೈಲಾಯಿತು.

ಈಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಇದರಲ್ಲಿ ಗೊಂದಲ ಜಾಸ್ತಿ. 'ತಿಯಾನನ್ಮೆನ್ ಚೌಕದಲ್ಲಿ ಯಾರೂ ಸಾಯಲಿಲ್ಲ' ಅನ್ನುವ ವಾದ ಇಂದಿಗೂ ಕೇಳಿಬರುತ್ತದೆ. ಚೌಕದ ಒಳಗೆ ಕೊನೆಯವರೆಗೂ ಉಳಿದಿದ್ದ ವಿದ್ಯಾರ್ಥಿಗಳು ಜೂನ್ 4ರ ಬೆಳಗಿನ ಜಾವ ಹೊರಟುಬಂದದ್ದು ನಿಜ. ಬರಹಗಾರ ಲಿಯು ಶಿಯಾವೊಬೊ ಸೇರಿ ನಾಲ್ವರು ಸೈನ್ಯದ ಜೊತೆ ಮಾತಾಡಿ ಅವರಿಗೆ ದಾರಿ ಮಾಡಿಕೊಟ್ಟರು. ಆದರೆ ಕೊಲೆ ನಡೆದದ್ದು ಹೆಚ್ಚಾಗಿ ಚೌಕಕ್ಕೆ ಬರುವ ದಾರಿಗಳಲ್ಲಿ. ಪಶ್ಚಿಮದ ಕಡೆ ಮುಶಿದಿ ಎಂಬ ಜಾಗವಿದೆ, ಚೌಕದಿಂದ ಐದಾರು ಕಿಲೋಮೀಟರ್ ದೂರ. ಜೂನ್ 3ರ ರಾತ್ರಿ ಅಲ್ಲಿ ಜನ ಬಸ್ಸುಗಳನ್ನು ಅಡ್ಡ ನಿಲ್ಲಿಸಿ ಸೈನ್ಯವನ್ನು ತಡೆದಿದ್ದರು. ಸೈನಿಕರು ನಿಜವಾದ ಗುಂಡು ಹಾರಿಸುತ್ತಾ ಮುಂದೆ ಬಂದರು. ರಸ್ತೆ ಬದಿಯ ಅಪಾರ್ಟ್‌ಮೆಂಟ್‌ಗಳ ಕಿಟಕಿಗಳಿಗೂ ಗುಂಡು ಬಿತ್ತು. ಬೆಳಗ್ಗೆ ಲಿಯುಬುಕೊವ್ ಎಂಬಲ್ಲಿ, ಚೌಕ ಬಿಟ್ಟು ಕಾಲೇಜಿನ ಕಡೆ ನಡೆದು ಹೋಗುತ್ತಿದ್ದ ವಿದ್ಯಾರ್ಥಿಗಳ ಮೇಲೆ ಹಿಂದಿನಿಂದ ಟ್ಯಾಂಕ್ ಹರಿಯಿತು. ಫಾಂಗ್ ಝೆಂಗ್ ಎಂಬ ವಿದ್ಯಾರ್ಥಿ ಅಲ್ಲಿ ಎರಡೂ ಕಾಲು ಕಳೆದುಕೊಂಡ. ಹಾಗಾಗಿ 'ಚೌಕದಲ್ಲಿ ಯಾರೂ ಸಾಯಲಿಲ್ಲ' ಅನ್ನುವುದು ಜಾಣತನದ ಮಾತು. ರಸ್ತೆಯಲ್ಲಿ ಬಿದ್ದ ಹೆಣಗಳನ್ನು ಆ ಮಾತು ಮುಚ್ಚಿಹಾಕುತ್ತದೆ.

ಸತ್ತವರು ಎಷ್ಟು? ಸರ್ಕಾರ ಹೇಳಿದ್ದು ಇನ್ನೂರರಿಂದ ಮುನ್ನೂರು, ಅದರಲ್ಲಿ ಸೈನಿಕರೂ ಸೇರಿದ್ದರು. ಕೆಲವು ಸೈನಿಕರನ್ನು ರೊಚ್ಚಿಗೆದ್ದ ಗುಂಪು ಕೊಂದದ್ದೂ ನಿಜ. ಬೇರೆ ಅಂದಾಜುಗಳು ನೂರಾರರಿಂದ ಸಾವಿರಾರುವರೆಗೆ ಹೋಗುತ್ತವೆ. ಬ್ರಿಟನ್ ರಾಯಭಾರಿ ಕಳಿಸಿದ ತಂತಿಯಲ್ಲಿ 10,000 ಅಂತಿತ್ತು. ಅದು ಜಾಸ್ತಿಯಾಯಿತು ಅಂತ ಹಲವರು ಹೇಳುತ್ತಾರೆ. ಇವತ್ತಿನವರೆಗೂ ಒಂದು ಸ್ವತಂತ್ರ ತನಿಖೆ ನಡೆದಿಲ್ಲ. ಅದಕ್ಕೇ ನನಗೆ ಈ ಅಂದಾಜುಗಳಿಗಿಂತ ತಾಯಂದಿರ ಪಟ್ಟಿಯ ಮೇಲೆ ನಂಬಿಕೆ ಜಾಸ್ತಿ. ಅದರಲ್ಲಿ ಅಂದಾಜು ಅನ್ನುವುದೇ ಇಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದು ಮನೆ ಇದೆ.

ಆ ಪಟ್ಟಿ ಶುರುವಾದದ್ದು ಡಿಂಗ್ ಜಿಲಿನ್ ಅವರಿಂದ. ಅವರು ರೆನ್‌ಮಿನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. ಮಗ ಜಿಯಾಂಗ್ ಜಿಯೆಲಿಯಾನ್‌ಗೆ 17 ವರ್ಷ. ಜೂನ್ 3ರ ರಾತ್ರಿ ಹೊರಗೆ ಹೋಗಬೇಡ ಅಂತ ಅಮ್ಮ ಬೇಡಿಕೊಂಡರು. ಹುಡುಗ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿ, ಕಿಟಕಿಯಿಂದ ಹಾರಿ ಹೋದ. ಮುಶಿದಿ ಹತ್ತಿರ ಬೆನ್ನಿಗೆ ಗುಂಡು ಬಿತ್ತು.

ಎರಡು ವರ್ಷದ ನಂತರ, 1991ರಲ್ಲಿ, ಪ್ರಧಾನಿ ಲಿ ಪೆಂಗ್ ಪತ್ರಕರ್ತರ ಮುಂದೆ ಒಂದು ಮಾತು ಹೇಳಿದರು. ಸತ್ತವರ ಹೆಸರು ಹೊರಗೆ ಬರುವುದು ಅವರ ಮನೆಯವರಿಗೇ ಇಷ್ಟವಿಲ್ಲ ಅಂದರು. ಡಿಂಗ್ ಜಿಲಿನ್‌ಗೆ ತಡೆಯಲಾಗಲಿಲ್ಲ. ವಿದೇಶಿ ಟಿವಿಯ ಮುಂದೆ ಕೂತು ಮಗನ ಹೆಸರು ಹೇಳಿದರು. ಅಲ್ಲಿಂದ ಅವರು, ಗಂಡ ಜಿಯಾಂಗ್ ಪೆಯ್‌ಕುನ್, ಇನ್ನೊಬ್ಬ ತಾಯಿ ಝಾಂಗ್ ಶಿಯಾನ್‌ಲಿಂಗ್ ಸೇರಿ ಉಳಿದ ಮನೆಗಳನ್ನು ಹುಡುಕಿಕೊಂಡು ಹೊರಟರು. ಹಿಂದೆ ಪೊಲೀಸರು. ಫೋನಿಗೆ ಕಿವಿಗೊಟ್ಟ ಅಧಿಕಾರಿಗಳು. ಎಷ್ಟೋ ಮನೆಗಳಲ್ಲಿ ಹೆದರಿಕೆಯಿಂದ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೂ ಪಟ್ಟಿ 200 ದಾಟಿತು. ಅದರಲ್ಲಿ ವಿದ್ಯಾರ್ಥಿಗಳಿದ್ದಾರೆ, ಕಾರ್ಮಿಕರಿದ್ದಾರೆ, ಗಾಯಾಳುಗಳನ್ನು ಎತ್ತಲು ಹೋದವರಿದ್ದಾರೆ. ಒಂಬತ್ತು ವರ್ಷದ ಹುಡುಗನೂ ಇದ್ದಾನೆ. ಈ ಬಳಗಕ್ಕೇ 'ತಿಯಾನನ್ಮೆನ್ ತಾಯಂದಿರು' ಅನ್ನುವುದು. ಅವರು ಕೇಳಿದ್ದು ಮೂರೇ: ಸತ್ಯ ಹೇಳಿ, ಪರಿಹಾರ ಕೊಡಿ, ತಪ್ಪಿತಸ್ಥರನ್ನು ಹೊಣೆ ಮಾಡಿ.

ಝಾಂಗ್ ಶಿಯಾನ್‌ಲಿಂಗ್ ಅವರ ಕಥೆ ಓದಿದಾಗೆಲ್ಲ ನನಗೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ. ಮಗ ವಾಂಗ್ ನಾನ್‌ಗೆ 19 ವರ್ಷ, ಫೋಟೋ ಹುಚ್ಚು. ಸೈನಿಕರು ನಿಜಕ್ಕೂ ಗುಂಡು ಹಾರಿಸ್ತಾರಾ ಅಂತ ಅವನು ಅಮ್ಮನನ್ನು ಕೇಳಿದ್ದ. ಇಲ್ಲ ಅಂದಿದ್ದರು ಅಮ್ಮ. ಹುಡುಗ ಹೆಲ್ಮೆಟ್ ಹಾಕಿಕೊಂಡು ಕ್ಯಾಮೆರಾ ಹಿಡಿದು ಹೋದ. ಚೌಕದ ಹತ್ತಿರದ ಬೀದಿಯೊಂದರಲ್ಲಿ ತಲೆಗೆ ಗುಂಡು ತಗುಲಿತು. ಅವನನ್ನು ಆಸ್ಪತ್ರೆಗೆ ಒಯ್ಯಲು ಸೈನಿಕರು ಬಿಡಲಿಲ್ಲ. ಹೆಣವನ್ನು ಅಲ್ಲೇ ಒಂದು ಶಾಲೆಯ ಮುಂದೆ ಮೇಲೆಮೇಲೆ ಮಣ್ಣೆಳೆದು ಹೂತರು. ಮಳೆ ಬಂತು, ಮಣ್ಣು ಕರಗಿತು, ಬಟ್ಟೆ ಕಾಣಿಸಿತು. ಅವನ ಸೊಂಟದಲ್ಲಿ ಸೈನ್ಯದ ಬೆಲ್ಟ್ ಇತ್ತು. ಸೈನಿಕನಿರಬೇಕು ಅಂದುಕೊಂಡು ಆಸ್ಪತ್ರೆಗೆ ಸಾಗಿಸಿದರು. ಹಾಗಾಗಿ ಅಪ್ಪ ಅಮ್ಮನಿಗೆ ಅವನ ದೇಹವಾದರೂ ಸಿಕ್ಕಿತು. ಆ ಬೆಲ್ಟ್ ಇಲ್ಲದಿದ್ದರೆ ಅದೂ ಇಲ್ಲ. ಆಮೇಲೆ ಮಗ ಬಿದ್ದ ಜಾಗದಲ್ಲಿ ನೆನಪಿನ ಪೂಜೆ ಮಾಡಲು ಹೋದ ಆ ತಾಯಿಗೆ ಅಡ್ಡಿ ಮಾಡಿದರು. ಆ ಜಾಗದ ಮೇಲೆ ಕಣ್ಣಿಡಲು ಒಂದು ಕ್ಯಾಮೆರಾ ಕೂರಿಸಿದರು.

ಪ್ರತಿ ವರ್ಷ ಮೇ ಕೊನೆಗೆ ಈ ಮನೆಗಳ ಮುಂದೆ ಕಾವಲು ಬೀಳುತ್ತದೆ. ಕೆಲವರನ್ನು ಬಲವಂತವಾಗಿ ಊರಾಚೆ 'ಪ್ರವಾಸ'ಕ್ಕೆ ಕರೆದೊಯ್ಯುತ್ತಾರೆ, ಪೊಲೀಸರ ಜೊತೆಯಲ್ಲಿ. ಜೂನ್ 4 ಕಳೆದ ಮೇಲೆ ವಾಪಸ್.

ಸಮಾಧಿ ಅಂದರೆ ಜನ ಸೇರುವ ಜಾಗ, ಚಿಂಗ್‌ಮಿಂಗ್‌ಗೆ ಬರುತ್ತಾರೆ, ಪದ್ಯ ಅಂಟಿಸುತ್ತಾರೆ. ಆದ್ದರಿಂದ ಸಮಾಧಿಯ ಮೇಲೂ ಹಿಡಿತ ಬೇಕು. ಝಾವೊ ಜಿಯಾಂಗ್ 2005ರಲ್ಲಿ ಸತ್ತರು. ಅವರ ಚಿತಾಭಸ್ಮ ಹದಿನಾಲ್ಕು ವರ್ಷ ಮನೆಯಲ್ಲೇ ಇತ್ತು, ಮಣ್ಣಿಗೆ ಸೇರಿದ್ದು 2019ರಲ್ಲಿ. ಲಿಯು ಶಿಯಾವೊಬೊ ಅವರಿಗೆ 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಜೈಲಿನಲ್ಲಿದ್ದರು. ಪ್ರಶಸ್ತಿಯನ್ನು ಜೂನ್ 4ರಂದು ಸತ್ತವರಿಗೆ ಅರ್ಪಿಸಿದರು. 2017ರಲ್ಲಿ ಬಂಧನದಲ್ಲೇ ತೀರಿಕೊಂಡಾಗ ಎರಡೇ ದಿನದಲ್ಲಿ ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಹೋಗಿ ಒಂದು ಹೂವಿಡಲು ಅವರಿಗೆ ಸಮಾಧಿಯೇ ಇಲ್ಲ.

ನೆನಪಿಗೆ ಜಾಗ ಸಿಗದಿದ್ದಾಗ ಅದು ಮಾತಿನೊಳಗೆ ಅಡಗಿಕೊಳ್ಳುತ್ತದೆ. ಚೀನೀಯರು ಈ ದಿನವನ್ನು 'ಲಿಯು ಸಿ' ಅನ್ನುತ್ತಾರೆ, ಅಂದರೆ ಆರು-ನಾಲ್ಕು. ಇಂಟರ್ನೆಟ್‌ನಲ್ಲಿ ಆ ಪದಕ್ಕೆ ತಡೆ ಬಿದ್ದಾಗ ಜನ 'ಮೇ 35' ಅಂದರು. ಮೇ ತಿಂಗಳಿಗೆ 31 ದಿನ, ಇನ್ನು ನಾಲ್ಕು ಎಣಿಸಿದರೆ ಜೂನ್ 4. ಅದಕ್ಕೂ ತಡೆ ಬಿತ್ತು. ಎಂಟರ ವರ್ಗ ಅಂದರು, ಅಂದರೆ 64. ಜೂನ್ ಹತ್ತಿರ ಬಂದರೆ ಮೇಣದಬತ್ತಿಯ ಇಮೋಜಿ ಮಾಯವಾಗುತ್ತದೆ. 2013ರಲ್ಲಿ ಯಾರೋ ಟ್ಯಾಂಕ್ ಚಿತ್ರದಲ್ಲಿ ಟ್ಯಾಂಕ್‌ಗಳ ಜಾಗಕ್ಕೆ ದೊಡ್ಡ ಹಳದಿ ರಬ್ಬರ್ ಬಾತುಕೋಳಿಗಳನ್ನು ಕೂರಿಸಿದರು. 'ದೊಡ್ಡ ಹಳದಿ ಬಾತುಕೋಳಿ' ಅಂತ ಹುಡುಕುವುದಕ್ಕೇ ನಿಷೇಧ ಬಂತು. 2012ರ ಜೂನ್ 4ರಂದು ಶಾಂಘೈ ಷೇರುಪೇಟೆಯ ಸೂಚ್ಯಂಕ ಕಾಕತಾಳೀಯವಾಗಿ 64.89 ಅಂಶ ಬಿತ್ತು. ಆರು, ನಾಲ್ಕು, ಎಂಟು, ಒಂಬತ್ತು. ಆ ದಿನ ಸೂಚ್ಯಂಕದ ಹೆಸರನ್ನೇ ಹುಡುಕಲು ಬಿಡಲಿಲ್ಲ.

ಮರೆಸುವ ಕೆಲಸ ಎಷ್ಟು ಫಲ ಕೊಟ್ಟಿದೆ ಅನ್ನುವುದಕ್ಕೆ 2007ರ ಒಂದು ಘಟನೆ ಸಾಕು. ಚೆಂಗ್ಡು ನಗರದ ಸಂಜೆ ಪತ್ರಿಕೆಯಲ್ಲಿ ಜೂನ್ 4ರಂದು ಒಂದು ಸಾಲಿನ ಸಣ್ಣ ಜಾಹೀರಾತು ಬಂತು. ಆರು-ನಾಲ್ಕರಲ್ಲಿ ಸತ್ತವರ ಗಟ್ಟಿ ತಾಯಂದಿರಿಗೆ ನಮನ ಅನ್ನುವ ಅರ್ಥದ ಮಾತು. ಕೌಂಟರಿನಲ್ಲಿ ಅದನ್ನು ತೆಗೆದುಕೊಂಡ ಯುವ ಉದ್ಯೋಗಿಗೆ ಆರು-ನಾಲ್ಕು ಅಂದರೇನು ಅಂತ ಗೊತ್ತೇ ಇರಲಿಲ್ಲ. ಕೇಳಿದಾಗ ಜಾಹೀರಾತು ಕೊಟ್ಟವರು ಅದೊಂದು ಗಣಿ ದುರಂತ ಅಂದರಂತೆ. ಹಾಗಾಗಿ ಅಚ್ಚಾಯಿತು. ಜನ ಯಾವುದನ್ನು ಮರೆಯಬೇಕು ಅಂತ ಸರ್ಕಾರ ಬಯಸಿತೋ, ಅದನ್ನು ತಡೆಯುವವರೂ ಮರೆತುಬಿಟ್ಟಿದ್ದರು. 2022ರ ಜೂನ್ 3ರಂದು ಇಂಥದ್ದೇ ಇನ್ನೊಂದು. ಲೈವ್‌ನಲ್ಲಿ ಸಾಮಾನು ಮಾರುವ ಜನಪ್ರಿಯ ನಿರೂಪಕ ಲಿ ಜಿಯಾಚಿ ಟ್ಯಾಂಕ್‌ನಂತೆ ಕಾಣುವ ಐಸ್‌ಕ್ರೀಂ ತೋರಿಸಿದರು. ತಕ್ಷಣ ಪ್ರಸಾರ ನಿಂತಿತು. ಅವರ ಅಭಿಮಾನಿಗಳಲ್ಲಿ ಹೆಚ್ಚಿನವರು 1989ರ ನಂತರ ಹುಟ್ಟಿದವರು. ಐಸ್‌ಕ್ರೀಂನಲ್ಲಿ ಏನು ತಪ್ಪು ಅಂತ ಹುಡುಕುತ್ತಾ ಹೋದವರಲ್ಲಿ ಕೆಲವರಿಗೆ ಮೊದಲ ಸಲ ಆ ದಿನದ ಸುದ್ದಿ ತಿಳಿಯಿತು.

ಚೀನಾದ ನೆಲದಲ್ಲಿ ಬಹಿರಂಗವಾಗಿ, ದೊಡ್ಡದಾಗಿ ಅಳಲು ಅವಕಾಶವಿದ್ದದ್ದು ಹಾಂಗ್‌ಕಾಂಗ್‌ನಲ್ಲಿ. ಮಕಾವ್‌ನಲ್ಲೂ ಚಿಕ್ಕದಾಗಿ ನಡೆಯುತ್ತಿತ್ತು. 1990ರಿಂದ 2019ರವರೆಗೆ ಪ್ರತಿ ಜೂನ್ 4ರ ಸಂಜೆ ವಿಕ್ಟೋರಿಯಾ ಪಾರ್ಕ್‌ನ ಫುಟ್‌ಬಾಲ್ ಮೈದಾನಗಳು ತುಂಬುತ್ತಿದ್ದವು. ದೀಪ ಆರಿಸುತ್ತಿದ್ದರು. ಗಾಳಿಗೆ ಆರದಿರಲಿ ಅಂತ ಮೇಣದಬತ್ತಿಗೆ ಕಾಗದದ ಮರೆ. ಸತ್ತವರ ಹೆಸರು ಓದುತ್ತಿದ್ದರು. ಬೀಜಿಂಗ್‌ನಲ್ಲಿ ಮನೆಯಿಂದ ಹೊರಗೆ ಬರಲಾಗದ ತಾಯಂದಿರ ಮುಖ ಇಲ್ಲಿ ಪರದೆಯ ಮೇಲೆ ಕಾಣುತ್ತಿತ್ತು. ಮೂವತ್ತು ವರ್ಷ. ಹೆಗಲ ಮೇಲೆ ಕೂತು ಬಂದ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಕರೆತರುವಷ್ಟು ಕಾಲ.

2020ರಲ್ಲಿ ಕೋವಿಡ್ ಕಾರಣ ಕೊಟ್ಟು ಅನುಮತಿ ನಿರಾಕರಿಸಿದರು. ಆದರೂ ಸಾವಿರಾರು ಜನ ಒಳಗೆ ಹೋಗಿ ಬತ್ತಿ ಹಚ್ಚಿದರು. ಅದೇ ತಿಂಗಳ ಕೊನೆಗೆ ರಾಷ್ಟ್ರೀಯ ಭದ್ರತಾ ಕಾನೂನು ಬಂತು. 2021ರಲ್ಲಿ ಪಾರ್ಕಿಗೇ ಬೀಗ. ಸಭೆ ನಡೆಸುತ್ತಿದ್ದ ಹಾಂಗ್‌ಕಾಂಗ್ ಒಕ್ಕೂಟ ಅದೇ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಅದರ ಉಪಾಧ್ಯಕ್ಷೆ, ವಕೀಲೆ ಚೌ ಹಾಂಗ್‌ತುಂಗ್ ಜೈಲು ಸೇರಿದರು. ಡೆನ್ಮಾರ್ಕ್‌ನ ಶಿಲ್ಪಿ ಯೆನ್ಸ್ ಗಾಲ್ಶಿಯಟ್ ಮಾಡಿದ, ಹಿಂಡಿದ ದೇಹಗಳೂ ಕಿರುಚುವ ಮುಖಗಳೂ ಇರುವ ಎಂಟು ಮೀಟರಿನ 'ನಾಚಿಕೆಯ ಕಂಬ' ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಅಂಗಳದಲ್ಲಿತ್ತು. ವಿದ್ಯಾರ್ಥಿಗಳು ಪ್ರತಿ ವರ್ಷ ಅದನ್ನು ನೀರು ಹಾಕಿ ತೊಳೆಯುತ್ತಿದ್ದರು, ಸಮಾಧಿ ಗುಡಿಸುವ ಹಾಗೆ. 2021ರ ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ಸುತ್ತ ಬೇಲಿ ಕಟ್ಟಿ, ಅದನ್ನು ತುಂಡು ಮಾಡಿ ಸಾಗಿಸಿದರು. 2023ರಿಂದ ಜೂನ್ 4ರ ಸುಮಾರಿಗೆ ವಿಕ್ಟೋರಿಯಾ ಪಾರ್ಕ್‌ನಲ್ಲಿ ಬೇರೆ ಬೇರೆ ಪ್ರಾಂತ್ಯಗಳ ತಿಂಡಿಯ ಮೇಳ ನಡೆಯುತ್ತದೆ. 2024ರ ಜೂನ್ 3ರಂದು ಹತ್ತಿರದ ರಸ್ತೆಯಲ್ಲಿ ಒಬ್ಬ ಕಲಾವಿದ ಬರಿಗೈ ಬೆರಳಿನಿಂದ ಗಾಳಿಯಲ್ಲಿ 8964 ಅಂತ ಬರೆದ. ಪೊಲೀಸರು ಅವನನ್ನು ಕರೆದೊಯ್ದರು.

ಈಗ ಬತ್ತಿ ಉರಿಯುವುದು ತೈಪೆ, ಲಂಡನ್, ನ್ಯೂಯಾರ್ಕ್‌ನಲ್ಲಿ. ಚೀನಾದ ಒಳಗೆ 2022ರ ನವೆಂಬರ್‌ನಲ್ಲಿ ಮತ್ತೆ ಒಮ್ಮೆ ಹಳೆಯದೇ ಕಂಡಿತು. ಉರುಮ್ಚಿ ನಗರದ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದು ಹತ್ತು ಜನ ಸತ್ತರು. ಶಾಂಘೈನ ಉರುಮ್ಚಿ ರಸ್ತೆಯಲ್ಲಿ ಯುವಕರು ಹೂವು ಇಟ್ಟರು, ಬತ್ತಿ ಹಚ್ಚಿದರು. ಕೈಯಲ್ಲಿ ಏನೂ ಬರೆಯದ ಬಿಳಿ ಹಾಳೆ. ಸ್ವಲ್ಪ ಹೊತ್ತಿನಲ್ಲೇ ಅದು ಪ್ರತಿಭಟನೆಯಾಯಿತು. 1976, 1989, 2022. ಮೂರೂ ಸಲ ಜನ ಮೊದಲು ಬಂದದ್ದು ಸತ್ತವರಿಗೆ ಹೂವು ಇಡಲು. ಮೇಣದಬತ್ತಿಗೆ ಯಾಕೆ ಹೆದರುತ್ತಾರೆ ಅನ್ನುವುದಕ್ಕೆ ನನಗೆ ಕಾಣುವ ಉತ್ತರ ಇದೇ.

'ಪಿಂಗ್‌ಫಾನ್' ಇನ್ನೂ ಆಗಿಲ್ಲ. 2019ರಲ್ಲಿ ಸಿಂಗಪುರದ ಸಭೆಯೊಂದರಲ್ಲಿ ಚೀನಾದ ರಕ್ಷಣಾ ಸಚಿವರು, ಅಂದು ಮಾಡಿದ್ದು ಸರಿಯಾಗಿತ್ತು ಅಂತಲೇ ಹೇಳಿದರು. ತಾಯಂದಿರಿಗೆ ವಯಸ್ಸಾಯಿತು. ಜಿಯಾಂಗ್ ಪೆಯ್‌ಕುನ್ 2015ರಲ್ಲಿ ಹೋದರು. ಯಾ ವೆಯ್‌ಲಿನ್ ಎಂಬ ಅಪ್ಪ 2012ರಲ್ಲಿ, ಮಗನಿಗೆ ನ್ಯಾಯ ಸಿಗದ ನೋವಿನಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡರು. ಈಗ ತಾಯಂದಿರ ಬಳಿ ಎರಡು ಪಟ್ಟಿಗಳಿವೆ. ಒಂದು ಮಕ್ಕಳದು. ಇನ್ನೊಂದು, ನ್ಯಾಯಕ್ಕೆ ಕಾಯುತ್ತಲೇ ಕಣ್ಣು ಮುಚ್ಚಿದ ಅಪ್ಪ ಅಮ್ಮಂದಿರದು, ಅದೂ 70 ದಾಟಿದೆ.

ಜೂನ್ 4ರ ಬೆಳಗ್ಗೆ ಕೆಲವು ಮನೆಯವರನ್ನು ಬೀಜಿಂಗ್‌ನ ವಾನ್‌ಆನ್ ಸ್ಮಶಾನಕ್ಕೆ ಹೋಗಲು ಬಿಡುತ್ತಾರೆ. ಪೊಲೀಸರು ಜೊತೆಗಿರುತ್ತಾರೆ. ಅಜ್ಜಿಯರು ನಿಧಾನವಾಗಿ ಸಮಾಧಿಗಳ ನಡುವೆ ನಡೆದು ಹೋಗಿ, ಹೂವಿಟ್ಟು, ತಾವು ಬರೆದು ತಂದ ಹಾಳೆಯನ್ನು ಗಟ್ಟಿಯಾಗಿ ಓದುತ್ತಾರೆ.